ಶೀಟಿಗೂ ಫಾಯಿಲಿಗೂ ನಡುವೆ

ಆ ಮನೆಯಲ್ಲಿ ಹಗಲು ಹೊತ್ತು ನಿದ್ದೆ ಮಾಡಬೇಕಾದವಳು ಒಬ್ಬಳೇ. ಅವಳ ನಿದ್ದೆ ಕೆಡಿಸುವುದಕ್ಕೆ ಮಾತ್ರ ಇಡೀ ಓಣಿಯೇ ಟೊಂಕ ಕಟ್ಟಿ ನಿಂತಿತ್ತು.

ಓಣಿಯವರು ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ, ಬಸ್ಸಿನ ಕಂಬಿ ಹಿಡಿದೇ ತೂಕಡಿಸಿ, ಮನೆಗೆ ಬಂದು ಬೀದಿ ಕಡೆಯ ಕೋಣೆಯಲ್ಲಿ ದಿಂಬಿಗೆ ತಲೆ ಕೊಟ್ಟಳೋ ಇಲ್ಲವೋ, ಎದುರಿಗಿನ ವೆಲ್ಡಿಂಗ್ ಅಂಗಡಿಯವನು ಕಬ್ಬಿಣ ಕೊಯ್ಯಲು ಶುರು ಮಾಡುತ್ತಿದ್ದ. ಅವನು ಟೀ ಕುಡಿಯಲು ನಿಲ್ಲಿಸಿದರೆ ನಡುಮನೆಯಲ್ಲಿ ಮಾವನ ರೇಡಿಯೊ. ರೇಡಿಯೊ ಬಾಯಿ ಮುಚ್ಚಿದರೆ ಮಾವನ ಬಾಯಿ. ಅವರು ಒಬ್ಬರೇ ಇದ್ದಾಗಲೂ ಬಾಗಿಲಿನ ಚಿಲಕದ ಜೊತೆ, ಬಕೆಟ್ಟಿನ ಜೊತೆ, ಯಾವಾಗಲೋ ಕೆಟ್ಟು ನಿಂತ ಗಡಿಯಾರದ ಜೊತೆ ಮಾತಾಡುವವರು.

ಮಾವ ಜೀವಮಾನವಿಡೀ ಒಂದು ದೊಡ್ಡ ಗೋಡೌನಿನಲ್ಲಿ ಮೂಟೆ ಜೋಡಿಸುವ ಉಸ್ತುವಾರಿ ನೋಡಿಕೊಂಡಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಣ್ಣು ಮಾತ್ರ ಗೋಡೌನಿನದೇ. ಎಲ್ಲಾದರೂ ಖಾಲಿ ಜಾಗ ಕಂಡರೆ ಅವರಿಗೆ ಕೈ ಕಡಿಯುತ್ತಿತ್ತು. ಮಂಚದಡಿ ಹಳೆಯ ಟಯರು, ಫ್ರಿಜ್ಜಿನ ಮೇಲೆ ಮುರಿದ ಫ್ಯಾನಿನ ರೆಕ್ಕೆ, ಚಪ್ಪಲಿ ಸ್ಟ್ಯಾಂಡಿನಲ್ಲಿ ಆಲೂಗಡ್ಡೆ. ಸೊಸೆಯ ಊಟದ ಡಬ್ಬಿಯಲ್ಲಿ ತುಸು ಜಾಗ ಉಳಿದಿದ್ದರೆ ಅಲ್ಲೊಂದು ಬಾಳೆಹಣ್ಣು ಮಡಚಿ ಕೂರಿಸುತ್ತಿದ್ದರು. ರಾತ್ರಿ ಊಟಕ್ಕೆ ಡಬ್ಬಿ ತೆರೆದರೆ ಅನ್ನವೂ ಬಾಳೆಹಣ್ಣೂ ಒಂದಾಗಿರುತ್ತಿದ್ದವು. ಅವಳು ಹಲ್ಲು ಕಚ್ಚಿಕೊಂಡು ತಿನ್ನುತ್ತಿದ್ದಳು.

ಇದನ್ನೆಲ್ಲ ಅವಳು ಹೇಗೋ ಸಹಿಸಿಕೊಂಡು ಹೋಗುತ್ತಿದ್ದಳು, ಆ ಒಂದು ಘಟನೆ ಆಗದಿದ್ದರೆ. ಕಿಟಕಿ ಪಕ್ಕದ ರೋಗಿಗೆ ಏರಿಸಬೇಕಾದ ಬಾಟಲಿಯನ್ನು ಅವಳು ಬಾಗಿಲ ಪಕ್ಕದವನಿಗೆ ಏರಿಸಲು ಹೊರಟಿದ್ದಳು. ಜೊತೆಯವಳು ಕೈ ಹಿಡಿದು ನಿಲ್ಲಿಸದಿದ್ದರೆ ಏರಿಸಿಯೇ ಬಿಡುತ್ತಿದ್ದಳು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಬೆಳಿಗ್ಗೆ ಮೇಟ್ರನ್ ಕರೆಸಿದರು.

"ನೀನು ಹಗಲು ನಿದ್ದೆ ಮಾಡ್ತೀಯಾ ಇಲ್ವಾ?"

"ಮಾಡೋಕೆ ನೋಡ್ತೀನಿ ಮೇಡಂ. ಹಗಲು ಪಾಳಿಗೆ ಹಾಕ್ತೀರಾ?"

"ಜಾಗ ಇಲ್ಲ, ಬೇಸಿಗೆ ಕಳೀಲಿ. ಅಲ್ಲಿವರೆಗೆ ನಿದ್ದೆಗೆ ಏನಾದ್ರೂ ದಾರಿ ಮಾಡ್ಕೊ. ಇವತ್ತು ಜೊತೆಯವಳು ಇದ್ಲು. ನಾಳೆ ಇಲ್ದೇ ಇದ್ರೆ?"

ಆ ಕೊನೆಯ ಮಾತು ಅವಳ ತಲೆಯಲ್ಲಿ ಹುಳದ ಹಾಗೆ ಕೂತುಬಿಟ್ಟಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ತನ್ನ ಕೈಯಿಂದ ಯಾರಾದರೂ ಸತ್ತರೆ ಅದನ್ನು ಎಲ್ಲಿ ಹೋಗಿ ತೊಳೆದುಕೊಳ್ಳುವುದು?

ಮನೆಯ ಹಿಂಭಾಗದಲ್ಲಿ, ಅಟ್ಟದ ಮೇಲೆ, ಒಂದು ಕೋಣೆ ಇತ್ತು. ಬೀದಿಯ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ರೇಡಿಯೊ ಕೂಡ ಏದುಸಿರು ಬಿಟ್ಟು ಅರ್ಧ ಮೆಟ್ಟಿಲಿಗೇ ನಿಲ್ಲುತ್ತಿತ್ತು. ಆದರೆ ನೆತ್ತಿಯ ಮೇಲೆ ಇಳಿಜಾರಾಗಿ ಬರೀ ತಗಡಿನ ಶೀಟು. ಹೊತ್ತು ಏರುವಷ್ಟರಲ್ಲಿ ಅಲ್ಲಿಟ್ಟ ಮೇಣದ ಬತ್ತಿ ತಾನೇ ತಲೆ ಬಾಗಿಸುತ್ತಿತ್ತು. ಮನುಷ್ಯರ ಪಾಡು ಕೇಳುವುದೇ ಬೇಡ.

"ಅದೇನ್ ಮಹಾ" ಎಂದ ಗಂಡ. ಅವನು ಬಸ್ ಡ್ರೈವರ್. ಯಾವ ಕೆಲಸಕ್ಕೂ ಅವನ ಮೊದಲ ಮಾತು ಅದೇ. ಸ್ಟೀರಿಂಗ್ ಹಿಡಿದ ಕೈಗೆ ಮಿಕ್ಕಿದ್ದೆಲ್ಲ ತಾನಾಗಿಯೇ ಬರುತ್ತದೆ ಎಂದು ನಂಬಿದ್ದವನು. ಯಾರೋ ಪ್ರಯಾಣಿಕರು ಹೇಳಿದರೆಂದು ಒಂದು ಸಂಜೆ ಹೆಗಲ ಮೇಲೆ ಬೆಳ್ಳಿ ಬಣ್ಣದ ದೊಡ್ಡ ಸುರುಳಿ ಹೊತ್ತು ತಂದ. ಫಾಯಿಲು, ಅದರೊಳಗೆ ತೆಳು ಸ್ಪಂಜು, ಮತ್ತೆ ಫಾಯಿಲು, ಮತ್ತೆ ಸ್ಪಂಜು, ಹೀಗೆ ಪದರ ಪದರವಾಗಿ ಹೊಲಿದ ಹಾಳೆ. ಎಲ್ಲ ಪದರ ಸೇರಿದರೂ ಬೆರಳಿನ ದಪ್ಪವಿರಲಿಲ್ಲ.

ಓಣಿಗೆ ಅಂದು ಬೇರೆ ಕೆಲಸವೇ ಇರಲಿಲ್ಲ. ವೆಲ್ಡಿಂಗ್ ಅಂಗಡಿಯವನು ಕನ್ನಡಕ ಹಣೆಗೇರಿಸಿಕೊಂಡು ಬಂದು ನೋಡಿದ.

"ಏನ್ ಡ್ರೈವರ್ ಸಾಹೇಬ್ರೆ, ಮನೆನ ಪಾರ್ಸೆಲ್ ಕಟ್ಟಿಸ್ತಾ ಇದ್ದೀರಾ?"

ಮಾವ ಮಾತ್ರ ನಗಲಿಲ್ಲ. ಹಾಳೆಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಾಳಿನ ಮಾದರಿ ನೋಡುವವರಂತೆ ತಿಕ್ಕಿ ತಿಕ್ಕಿ ನೋಡಿದರು.

"ಇದು ಏನು ತಡೆಯುತ್ತಪ್ಪಾ? ನನ್ನ ಟವಲ್ಲು ಇದಕ್ಕಿಂತ ದಪ್ಪ ಇದೆ."

"ದಪ್ಪ ಮುಖ್ಯ ಅಲ್ಲ ಅಪ್ಪ, ಅದರ ಹೊಳಪು ಬಿಸಿನ ವಾಪಸ್ ಕಳಿಸುತ್ತೆ" ಎಂದ ಮಗ.

"ಹೊಳಪು" ಎಂದರು ಮಾವ. ಆ ಒಂದು ಶಬ್ದದಲ್ಲಿ ಎಷ್ಟು ಅಪನಂಬಿಕೆ ತುಂಬಬಹುದೋ ಅಷ್ಟನ್ನೂ ತುಂಬಿದ್ದರು. ಖಾಲಿ ಬಿಡುವ ಅಭ್ಯಾಸ ಅವರಿಗೆ ಎಲ್ಲಿತ್ತು?

ಗಂಡನ ರಜೆಯ ದಿನ ಇಬ್ಬರೂ ಅಟ್ಟ ಹತ್ತಿದರು. ಸುರುಳಿಯ ಜೊತೆ ಬಂದಿದ್ದ ಚೀಟಿಯನ್ನು ಅವಳು ಔಷಧಿ ಚೀಟಿ ಓದುವಷ್ಟೇ ಎಚ್ಚರದಿಂದ ಓದಿದಳು. ಶೀಟಿಗೂ ಫಾಯಿಲಿಗೂ ನಡುವೆ ಒಂದಿಂಚು ಬಿಡಬೇಕು. ಫಾಯಿಲಿಗೂ ಒಳಗಿನ ಸೀಲಿಂಗ್ ಬೋರ್ಡಿಗೂ ನಡುವೆ ಇನ್ನೊಂದು ಇಂಚು. ಕೆಳಗೆ ಸೂರಿನ ಹತ್ತಿರ ಗಾಳಿ ಒಳಬರಬೇಕು, ಬಿಸಿಯಾದ ಗಾಳಿ ಮೇಲೆ ಛಾವಣಿಯ ನೆತ್ತಿಯಲ್ಲಿ ಹೊರಹೋಗಬೇಕು. ಹಾಳೆಯನ್ನು ಎಲ್ಲೂ ಅದುಮಬಾರದು. ಅದುಮಿದರೆ ಅದು ಬರೀ ಹೊಳೆಯುವ ಕಾಗದ.

ಗಂಡ ತೊಲೆಗೆ ಮರದ ಪಟ್ಟಿ ಹೊಡೆದ. ಅವಳು ಹಾಳೆಯ ಅಂಚಿನ ಮೇಲೆ ಅಂಚು ಕೂರಿಸಿ ಪಿನ್ನು ಹೊಡೆದು, ಕೂಡಿದಲ್ಲೆಲ್ಲ ಬೆಳ್ಳಿ ಟೇಪು ಅಂಟಿಸಿದಳು. ಬೆವರು ಕಣ್ಣಿಗಿಳಿದು ಟೇಪು ಹಾಳೆಗೆ ಅಂಟುವ ಬದಲು ಕೂದಲಿಗೆ ಅಂಟಿತು. "ಆ ಕಡೆ ಎಳೀರಿ" ಎಂದರೆ ಅವನು ಈ ಕಡೆ ಎಳೆದ. "ನಿಮ್ಮ ಬಸ್ಸು ಅದು ಹೇಗೆ ಊರು ಸೇರುತ್ತೆ" ಎಂದು ಅವಳು ಕೇಳಿದಳು. "ನೀನು ಹತ್ತದೇ ಇದ್ರೆ ಸರಿಯಾಗೇ ಸೇರುತ್ತೆ" ಎಂದ ಅವನು. ಕೆಳಗೆ ಏಣಿ ಹಿಡಿದು ನಿಂತಿದ್ದ ಮಾವ ಯಾರೂ ಕೇಳದ ಸಲಹೆಗಳನ್ನು ಒಂದರ ಹಿಂದೊಂದು ಮೇಲೆ ಕಳಿಸುತ್ತಿದ್ದರು.

"ತಾಯಿ, ಅಲ್ಲಿ ಸಂದಿ ಬಿಟ್ಟಿದೀಯಲ್ಲ?"

"ಬಿಡ್ಬೇಕು ಮಾವ."

"ಖಾಲಿನೇ? ಅಷ್ಟೂ ಉದ್ದಕ್ಕೂ?"

"ಹೂಂ."

"ಯಾಕೆ?"

ಹೇಳಬಹುದಿತ್ತು. ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ತೋಳು ಬಿದ್ದು ಹೋಗುವಂತಿದ್ದವು, ಬಾಯಲ್ಲಿ ಪಿನ್ನುಗಳಿದ್ದವು, ಬೆಳಗಿನಿಂದ ಇದು ಅವರ ಎಷ್ಟನೆಯ "ಯಾಕೆ"ಯೋ.

"ಹಾಗೇ ಬರ್ದಿದೆ ಮಾವ. ಬಿಟ್ಬಿಡಿ."

ಮಾರನೆಯ ದಿನ ಅವಳು ಅಟ್ಟದ ಕೋಣೆಯಲ್ಲಿ ಬರೀ ಚಾಪೆ ಹಾಸಿ ಮಲಗಿದಳು. ಬೋರ್ಡು ಇನ್ನೂ ಹೊಡೆದಿರಲಿಲ್ಲ, ತಲೆಯ ಮೇಲೆ ಬೆಳ್ಳಿಯ ಹಾಳೆ. ಬಿಸಿ ಇತ್ತು, ಆದರೆ ಮೊದಲಿನ ಹಾಗೆ ಕಾದ ಹಂಚಿನ ಬಿಸಿಯಲ್ಲ. ಸುಮಾರು ಒಂದು ಗಂಟೆ ಗಾಢ ನಿದ್ದೆ ಬಂತು. ಎದ್ದು ಕೆಳಗೆ ಬಂದವಳ ಮುಖದ ಮೇಲೆ ಚಾಪೆಯ ಗೆರೆ ಮೂಡಿತ್ತು. ಮಾವ ಅದನ್ನೇ ನೋಡಿದರು.

"ನಿದ್ದೆ ಬಂತಾ?"

"ಒಂದ್ ಗಂಟೆ ಬಂತು ಮಾವ."

"ಒಂದೇ ಗಂಟೆನಾ" ಎಂದರು ಅವರು, ಮತ್ತೇನೂ ಹೇಳಲಿಲ್ಲ. ಮಾವ ಮತ್ತೇನೂ ಹೇಳದಿದ್ದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಆಮೇಲೆ ಬೋರ್ಡುಗಳು ಬಂದು ಕೋಣೆಯ ನೆಲ ತುಂಬಾ ಒಟ್ಟಿಕೊಂಡವು. ಮಲಗಲು ಜಾಗವಿಲ್ಲದೆ ಅವಳು ಗಂಡನ ಮುಂದಿನ ರಜೆಯವರೆಗೆ ಮತ್ತೆ ಬೀದಿ ಕೋಣೆಯಲ್ಲೇ ಹೊರಳಾಡಿದಳು. ರಜೆ ಬಂತು. ಬೋರ್ಡು ಎತ್ತಿ ಹಿಡಿದ ಗಂಡ ಒಂದು ಕ್ಷಣ ತಡೆದ.

"ಫಾಯಿಲು ಯಾಕೋ ಹೊಟ್ಟೆ ಬಿಟ್ಟಿದೆ ಕಣೇ. ಬಿಸಿಗೆ ಹಿಗ್ಗಿರ್ಬೇಕು."

"ಬಿಸಿಗೆ ಹಿಗ್ಗೋದಾದ್ರೆ ಅದನ್ನ ಛಾವಣಿಗೆ ಯಾಕ್ರೀ ಹಾಕ್ತಾರೆ?"

"ಅದೇನ್ ಮಹಾ" ಎಂದು ಅವನು ಬೋರ್ಡನ್ನು ಭುಜದಿಂದ ಒತ್ತಿ ಸ್ಕ್ರೂ ತಿರುಗಿಸಿದ. ಹೊಟ್ಟೆ ಒಳಗೆ ಹೋಯಿತು. ಬಿಳಿ ಬಣ್ಣ ಬಳಿದ ಮೇಲೆ ಕೋಣೆ ನೋಡಲು ಲಕ್ಷಣವಾಗಿತ್ತು. ಅವಳು ತನ್ನ ಹಾಸಿಗೆಯನ್ನು ಮೇಲೆ ತಂದು ಹಾಕಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಜೀವ ಹಗುರಾಗಿ ಮಲಗಿದಳು.

ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತಿದ್ದಳು. ದಿಂಬು ಒದ್ದೆ, ಕತ್ತು ಒದ್ದೆ, ಬಾಯಿ ಮರಳುಗಾಡು. ಬಿಸಿ ಸರಿಯಾಗಿ ತಲೆಯ ಮೇಲಿಂದಲೇ ಇಳಿಯುತ್ತಿತ್ತು. ಮರುದಿನವೂ ಹಾಗೇ. ಅದರ ಮರುದಿನ ಇನ್ನೂ ಒಂದು ಕೈ ಮೇಲೆ. ಬರೀ ಹಾಳೆ ಇದ್ದಾಗ ಬಂದ ನಿದ್ದೆ, ಬೋರ್ಡು ಹೊಡೆದ ಮೇಲೆ ಮಾಯವಾಗಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಬಸ್ಸಿನಿಂದ ಇಳಿದು ಬಂದು ಶರ್ಟಿನ ಗುಂಡಿ ಬಿಚ್ಚುವ ಮೊದಲೇ ಶುರುವಿಟ್ಟಳು. ಯಾರೋ ಸೀಟಿನಲ್ಲಿ ಕೂತು ಹೇಳಿದ ಮಾತಿಗೆ ಮರುಳಾಗಿ ಮಿಠಾಯಿ ಸುತ್ತುವ ಕಾಗದ ತಂದಿರಿ ಎಂದಳು. ಅವನು ಎದುರಾಡಲಿಲ್ಲ. ಏನೋ ತನ್ನಿಂದಲೇ ತಪ್ಪಾಗಿದೆ ಎನ್ನುವಂತೆ ಆ ರಾತ್ರಿ ಊಟಕ್ಕೆ ಕೂತು ಅನ್ನ ಕೆದಕುತ್ತಿದ್ದ. ಅವನು ಹಾಗೆ ಸುಮ್ಮನಿದ್ದದ್ದು ಅವಳಿಗೆ ಇನ್ನೂ ಸಿಟ್ಟು ತರಿಸಿತು. ವೆಲ್ಡಿಂಗ್ ಅಂಗಡಿಯವನು ಮೀಸೆಯಡಿಯಲ್ಲೇ ನಕ್ಕ.

ಇದರ ನಡುವೆ ಮಾವನಿಗೆ ಬೆನ್ನುನೋವು ಶುರುವಾಯಿತು. ಬೆಳಿಗ್ಗೆ ಅವಳು ಮನೆಗೆ ಬರುವಷ್ಟರಲ್ಲಿ ಅವರು ಗೋಡೆ ಹಿಡಿದು ನಡೆಯುತ್ತಿರುತ್ತಿದ್ದರು.

"ಏಣಿ ಗೀಣಿ ಹತ್ತಿದ್ರಾ?"

"ನಾನ್ಯಾಕೆ ಹತ್ತಲಿ ತಾಯಿ. ವಯಸ್ಸು."

ರಾತ್ರಿಯೆಲ್ಲ ರೋಗಿಗಳ ಬೆನ್ನು ತಿಕ್ಕಿ ಬಂದವಳು ಬೆಳಿಗ್ಗೆ ಮಾವನ ಬೆನ್ನು ತಿಕ್ಕಿದಳು. ಮುಲಾಮು ಹಚ್ಚುವಾಗಲೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಈ ಮನೆಯಲ್ಲಿ ತಾನೊಬ್ಬಳು ಮನುಷ್ಯಳಲ್ಲವೇ, ತನಗೂ ಒಂದು ಬೆನ್ನಿಲ್ಲವೇ ಎಂದು ಅವಳಿಗೆ ಅಳು ಬರುವಂತಾಗುತ್ತಿತ್ತು. ಅಳಲು ಪುರುಸೊತ್ತಿರಲಿಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಂದು ಹೋಯಿತು. ಮರುದಿನದಿಂದ ಅಟ್ಟದ ಕೋಣೆಯಲ್ಲಿ ಮುಗ್ಗಲು ವಾಸನೆ. ನೆಲ ಒರೆಸಿದರೂ ಹೋಗಲಿಲ್ಲ, ಕಿಟಕಿ ತೆರೆದರೂ ಹೋಗಲಿಲ್ಲ. ಅದೇ ವಾರ ಅವಳು ಆಸ್ಪತ್ರೆಯಲ್ಲಿ ಮಾತ್ರೆಯ ತಟ್ಟೆ ಹಿಡಿದು ನಿಂತೇ ನಿದ್ದೆ ಹೋದಳು. ತಟ್ಟೆ ಜಾರಿ, ಮಾತ್ರೆಗಳು ನೆಲದ ಮೇಲೆಲ್ಲ ಉರುಳಿ, ಯಾವುದು ಯಾರದೆಂದು ತಿಳಿಯದೆ ಎಲ್ಲವನ್ನೂ ಎಸೆಯಬೇಕಾಯಿತು. ಮೇಟ್ರನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ವಾರದೊಳಗೆ ನಿನ್ನ ನಿದ್ದೆ ಸರಿ ಆಗ್ಲಿಲ್ಲ ಅಂದ್ರೆ ನಾನೇ ಮೇಲೆ ಹೇಳಿ ನಿನ್ನನ್ನ ವಾರ್ಡಿಂದ ತೆಗೆಸ್ತೀನಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಟ್ಟ ಹತ್ತಿದಳು. ಗಂಡನ ಸ್ಕ್ರೂಡ್ರೈವರ್ ತೆಗೆದುಕೊಂಡು ಹಾಸಿಗೆಯ ಮೇಲ್ಗಡೆಯ ಬೋರ್ಡಿಗೆ ಕೈ ಹಾಕಿದಳು. ಈ ದರಿದ್ರ ಹಾಳೆಯನ್ನು ಕಿತ್ತು ಓಣಿಗೆ ಎಸೆದುಬಿಡುವುದೇ ಸರಿ. ಕೊನೆಯ ಸ್ಕ್ರೂ ಬಿಚ್ಚಿದ್ದೇ ತಡ, ಒಳಗಿನ ಭಾರಕ್ಕೆ ಬೋರ್ಡು ಅವಳ ಹೆಗಲ ಮೇಲೆಯೇ ಬಂದು ಕೂತಿತು. ಹಿಂದೆ ಫಾಯಿಲು ತುಂಬು ಮೂಟೆಯ ಹಾಗೆ ಜೋತುಬಿತ್ತು.

ಸೂರಿನ ಕಡೆಯ ಅಂಚಿನಲ್ಲಿ, ಕತ್ತಲಾಗಿದ್ದ ಕಡೆ, ಅವಳು ಹಚ್ಚಿರದ ಟೇಪು ಕಂಡಿತು. ಎಳೆದಳು. ಅದರಡಿ ಫಾಯಿಲನ್ನು ಕೊಯ್ದು ಮತ್ತೆ ದಾರದಿಂದ ಹೊಲಿದಿತ್ತು. ದಪ್ಪ ದಾರ, ಓರೆ ಓರೆ ಹೊಲಿಗೆ, ಕೊನೆಯಲ್ಲಿ ಎರಡು ಕಿವಿ ಬಿಟ್ಟು ಬಿಗಿದ ಗಂಟು. ಗೋಣಿಚೀಲದ ಬಾಯಿ ಹೊಲಿಯುವ ಗಂಟು. ಆ ಓಣಿಯಲ್ಲಿ ದಬ್ಬಳ ಹಿಡಿದು ಹಾಗೆ ಹೊಲಿಯಬಲ್ಲ ಮನುಷ್ಯ ಒಬ್ಬನೇ.

ಹೊಲಿಗೆ ಕಿತ್ತಳು. ಒಳಗಿನಿಂದ ಹತ್ತಿ ಬಂತು. ಒದ್ದೆಯಾಗಿ, ಕಪ್ಪಾಗಿ, ಮುದ್ದೆ ಮುದ್ದೆಯಾಗಿ ಬರುತ್ತಲೇ ಇತ್ತು. ಶೀಟಿಗೂ ಫಾಯಿಲಿಗೂ ನಡುವಿನ ಆ ಒಂದಿಂಚಿನಲ್ಲಿ, ಸರಿಯಾಗಿ ಅವಳು ಮಲಗುವ ಜಾಗದ ಮೇಲೆ, ಉಸಿರಾಡಲೂ ಎಡೆಯಿಲ್ಲದ ಹಾಗೆ ಗಿಡಿದಿದ್ದರು. ಕೆಳಗೆ ಸೂರಿನ ಸಂದಿಗೆ ಗೋಣಿಯ ತುಂಡುಗಳನ್ನು ತುರುಕಿ ಗಾಳಿಯ ದಾರಿಯನ್ನೂ ಮುಚ್ಚಿದ್ದರು. ಆ ಭಾರಕ್ಕೆ ಹಾಳೆ ಬೋರ್ಡಿಗೆ ಅಂಟಿ ಅಪ್ಪಚ್ಚಿಯಾಗಿತ್ತು. ಆ ಕಡೆಯ ಇಂಚೂ ಹೋಯಿತು, ಈ ಕಡೆಯ ಇಂಚೂ ಹೋಯಿತು.

ಪಿತ್ತ ನೆತ್ತಿಗೇರಿತು. ಮದುವೆಯಾಗಿ ಬಂದಂದಿನಿಂದ ಅವಳು ಮಾವನಿಗೆ ಒಂದು ಮಾತು ಎದುರಾಡಿದವಳಲ್ಲ. ಟಯರನ್ನು ಹೊಟ್ಟೆಗೆ ಹಾಕಿಕೊಂಡಳು, ಆಲೂಗಡ್ಡೆಯನ್ನು ಹೊಟ್ಟೆಗೆ ಹಾಕಿಕೊಂಡಳು, ಬಾಳೆಹಣ್ಣನ್ನಂತೂ ನಿಜವಾಗಿಯೇ ಹೊಟ್ಟೆಗೆ ಹಾಕಿಕೊಂಡಳು. ಇವತ್ತು ಬಿಡುವುದಿಲ್ಲ. ಎರಡೂ ಕೈ ತುಂಬಾ ಆ ನಾರುವ ಹತ್ತಿ ಹಿಡಿದು ಧಡಧಡ ಇಳಿದಳು. ಹೇಳಬೇಕಾದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಮಾವ ಮಂಚದ ಮೇಲೆ ಇರಲಿಲ್ಲ, ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. ಅವಳು ಹತ್ತಿಯನ್ನು ಅವರ ಮಂಚದ ಮೇಲೆಯೇ ಎಸೆದಳು, ಬಂದು ನೋಡಲಿ ಎಂದು. ಎಸೆದ ಹೊಡೆತಕ್ಕೆ ಹಾಸಿಗೆ ಸದ್ದು ಮಾಡಿತು. ಹತ್ತಿಯ ಹಾಸಿಗೆ ಸದ್ದು ಮಾಡುವುದಿಲ್ಲ. ಅವಳು ಹೊದಿಕೆ ಸರಿಸಿ ಮುಟ್ಟಿ ನೋಡಿದಳು. ನೀಲಿ ಗೆರೆಯ ಹಾಸಿಗೆಚೀಲದೊಳಗೆ ಹತ್ತಿ ಇರಲಿಲ್ಲ. ಮಡಚಿದ ಗೋಣಿಚೀಲಗಳು, ಹಳೆಯ ರಟ್ಟು, ಅಂಚು ಸಮನಾಗಿ, ಗೋಡೌನಿನ ಅಚ್ಚುಕಟ್ಟಿನಲ್ಲಿ ಜೋಡಿಸಿದ್ದವು. ಚೀಲದ ಬಾಯಿಯಲ್ಲಿ ಅದೇ ಓರೆ ಹೊಲಿಗೆ, ಅದೇ ಎರಡು ಕಿವಿಯ ಗಂಟು.

ಅವಳು ರಟ್ಟಿನ ಮೇಲೆ ಕೂತಳು. ಗಟ್ಟಿಯಾಗಿತ್ತು. ಇಷ್ಟು ದಿನ ಈ ಬೆನ್ನಿಗೇ ತಾನು ಗೊಣಗುತ್ತಾ ಮುಲಾಮು ತಿಕ್ಕಿದ್ದು. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಒಂದು ಮಾತೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಅವಳಿಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನೆಮ್ಮದಿಯಾಗಿ ಬೈಯಲೂ ಬಿಡುವುದಿಲ್ಲವಲ್ಲ ಈ ಮನುಷ್ಯ.

ಮಾವ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಮಂಚದ ಮೇಲಿನ ಹತ್ತಿ ನೋಡಿದರು, ಸೊಸೆಯನ್ನು ನೋಡಿದರು.

"ಒದ್ದೆ ಆಗ್ಬಿಟ್ಟಿದೆಯಾ" ಎಂದರು ಮೆಲ್ಲಗೆ.

"ಯಾಕ್ ಮಾವ ಹೀಗ್ ಮಾಡಿದ್ರಿ?"

"ಒಂದೇ ಗಂಟೆ ನಿದ್ದೆ ಬಂತು ಅಂದ್ಯಲ್ಲ ತಾಯಿ. ಆ ಹಾಳೆ ನೋಡಿದ್ರೆ ಅಷ್ಟು ತೆಳ್ಳಗೆ. ಮೇಲೆ ಅಷ್ಟು ಜಾಗ ಸುಮ್ನೆ ಬಿದ್ದಿತ್ತು. ಇನ್ನೊಂದಿಷ್ಟು ದಪ್ಪ ಮಾಡಿದ್ರೆ ಇಡೀ ದಿನ ಮಲಗ್ತೀಯ ಅಂತ. ಸಂದಿ ಬಿಟ್ರೆ ಇಲಿ ಬೇರೆ ಬರುತ್ತೆ."

ಅವಳು ಒದ್ದೆ ಹತ್ತಿಯ ಮುದ್ದೆಯೊಂದನ್ನು ಎತ್ತಿ ಹಿಡಿದು ಕೇಳಿದಳು. "ನಿಮ್ಮ ಗೋಡೌನಲ್ಲಿ ಮೂಟೆನ ಗೋಡೆಗೆ ತಾಗಿಸಿ ಇಡ್ತಿದ್ರಾ?"

"ಛೆ, ಅದೆಲ್ಲಾದ್ರೂ ಉಂಟಾ?" ಮಾವನ ಬೆನ್ನು ನೋವಿದ್ದರೂ ನೆಟ್ಟಗಾಯಿತು. "ತಾಗಿಸಿದ್ರೆ ಗೋಡೆ ಬಿಸಿ, ಗೋಡೆ ತೇವ ಎಲ್ಲಾ ಮಾಲಿಗೆ ಇಳಿಯುತ್ತೆ. ಸುತ್ತಲೂ ಒಂದು ಮೊಳ ಬಿಡ್ಬೇಕು. ಗಾಳಿ ಆಡ್ಬೇಕು. ಎಷ್ಟು ಜನ ಹಮಾಲರಿಗೆ ಅದನ್ನ ಹೇಳಿ ಹೇಳಿ ನನ್ನ ಗಂಟಲು..."

ಅಲ್ಲಿಗೆ ನಿಂತರು. ಟವಲ್ಲು ಕೈಯಲ್ಲೇ ಉಳಿಯಿತು. ಒಮ್ಮೆ ಅಟ್ಟದ ಕಡೆ ನೋಡಿದರು. ಮಾತು ಮುಗಿಯದೆ ಮಾವ ಬಾಯಿ ಮುಚ್ಚಿದ್ದನ್ನು ಅವಳು ಅದೇ ಮೊದಲು ನೋಡಿದ್ದು.

"ನೀನು ಮೊದಲೇ ಹೀಗೆ ಹೇಳಿದ್ರೆ ನಂಗೆ ತಿಳೀತಿತ್ತಲ್ಲ ತಾಯಿ" ಎಂದರು ಕೊನೆಗೆ.

ಅದು ನಿಜವಾಗಿತ್ತು, ಅದೇ ಅವಳಿಗೆ ಚುಚ್ಚಿತು. ಪಿನ್ನು ಬಾಯಲ್ಲಿಟ್ಟುಕೊಂಡು ಬಿಟ್ಬಿಡಿ ಅಂದವಳು ಅವಳೇ.

ಗಂಡ ಒಂದು ದಿನ ರಜೆ ಹಾಕಿದ. ಹತ್ತಿಯನ್ನೆಲ್ಲ ಎಳೆದು ತೆಗೆದು, ಸೂರಿನ ಸಂದಿ ಬಿಡಿಸಿ, ಇಲಿಯ ಭಯಕ್ಕೆ ಅಲ್ಲಿ ಸಣ್ಣ ಕಣ್ಣಿನ ಜಾಲರಿ ಹೊಡೆದರು. ಜಾಲರಿಯನ್ನು ಅಳತೆಗೆ ಕತ್ತರಿಸಿ ಕೊಟ್ಟವನು ವೆಲ್ಡಿಂಗ್ ಅಂಗಡಿಯವನು, ಪಾರ್ಸೆಲ್ಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಹರಿದ ಫಾಯಿಲಿಗೆ ಹೊಸ ತುಂಡು ಕೂರಿಸಿ ಟೇಪು ಹಚ್ಚಿದರು. ಮಾವ ಕೆಳಗೆ ಏಣಿ ಹಿಡಿದು ನಿಂತು ಈ ಸಲ ಒಂದೇ ಮಾತು ಹೇಳಿದರು, ಅದನ್ನೂ ಮತ್ತೆ ಮತ್ತೆ: "ತಾಗಿಸ್ಬೇಡ್ರೋ. ಬಿಡ್ರೋ ಅಲ್ಲಿ. ಬಿಟ್ಟಿದೀರಾ?" ಗಂಡ ಹಲ್ಲು ಕಡಿಯುತ್ತಿದ್ದ. ಅವನನ್ನು ವಿನಾಕಾರಣ ಬೈದದ್ದಕ್ಕೆ ಅವಳು ಅವನ ಕೂದಲಿಗೆ ಅಂಟಿದ್ದ ಟೇಪನ್ನು ನಿಧಾನವಾಗಿ ಬಿಡಿಸಿದಳು ಅಷ್ಟೆ. ಅವನು "ಅದೇನ್ ಮಹಾ" ಎಂದ.

ಮುಗ್ಗಲು ಹತ್ತಿ ಕಸದ ಗಾಡಿಗೆ ಹೋಯಿತು. ಅವಳು ತನ್ನ ಹಾಸಿಗೆಯನ್ನು ಕೆಳಗೆಳೆದು ಮಾವನ ಮಂಚಕ್ಕೆ ಹಾಕಿ, ತಾನು ಮೇಲೆ ಚಾಪೆ ಹಾಸಿಕೊಂಡಳು. ಮಾವ ಬಾಯಿ ತೆರೆದರು.

"ಒಂದು ಮಾತು ಆಡಿದ್ರೆ ನೋಡಿ" ಎಂದಳು. ಅವರು ಬಾಯಿ ಮುಚ್ಚಿದರು.

ಮರುದಿನ ಪಾಳಿ ಮುಗಿಸಿ ಬಂದು ಮಲಗಿದವಳಿಗೆ ಹೊತ್ತು ಏರಿದ್ದು ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ. ಎಚ್ಚರವಾದಾಗ ಕಿಟಕಿಯ ಬಟ್ಟೆಯ ಅಂಚಿನಲ್ಲಿ ಸಂಜೆಯ ಬೆಳಕಿತ್ತು. ತಲೆಯ ಮೇಲಿನ ಬೋರ್ಡಿಗೆ ಕೈ ಇಟ್ಟು ನೋಡಿದಳು, ಗೋಡೆ ಮುಟ್ಟಿದಷ್ಟೇ ತಣ್ಣಗಿತ್ತು. ಇಡೀ ಹಗಲು ಮಲಗಿದ್ದಳು. ಕಣ್ಣು ಹಗುರಾಗಿತ್ತು. ಗಡಬಡಿಸಿ ಸಮವಸ್ತ್ರ ತೊಟ್ಟು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಮಾವ ಕೂತಿದ್ದರು. ಮಡಿಲಲ್ಲಿ ರೇಡಿಯೊ, ಅದರ ಗುಂಡಿ ಪೂರ್ತಿ ಆಚೆಗೆ ತಿರುಗಿಸಿ ಆರಿಸಿತ್ತು. ಪಕ್ಕದಲ್ಲಿ ಅವಳ ಊಟದ ಡಬ್ಬಿ. ಯಾರನ್ನೂ ಮೇಲೆ ಬಿಡಬಾರದೆಂದು ಬೆಳಗಿನಿಂದ ಅಲ್ಲೇ ಕಾವಲು ಕೂತು, ಈಗ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಆ ಕಿರಿದಾದ ಮೆಟ್ಟಿಲನ್ನು ಈ ಗೋಡೆಯಿಂದ ಆ ಗೋಡೆಯವರೆಗೆ, ಕಾಲಿಡಲೂ ಎಡೆಯಿಲ್ಲದ ಹಾಗೆ ತುಂಬಿಕೊಂಡಿದ್ದರು.

ಅವಳು ಅವರ ಹಿಂದೆ ನಿಂತಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಎಬ್ಬಿಸದಿದ್ದರೆ ಬಸ್ಸು ಹೋಗುತ್ತದೆ. ಈ ಮನುಷ್ಯನ ದೆಸೆಯಿಂದ ತನಗೆ ಒಂದು ದಿನವೂ ನೆಟ್ಟಗೆ ಮನೆಯಿಂದ ಹೊರಡಲಾಗುವುದಿಲ್ಲ ಎಂದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಅವರ ಹಿಂದಿನ ಮೆಟ್ಟಿಲ ಮೇಲೆ ಸದ್ದಾಗದಂತೆ ಕೂತಳು. ಕೈಚಾಚಿ ಊಟದ ಡಬ್ಬಿ ತೆಗೆದು ಮುಚ್ಚಳ ಎತ್ತಿ ನೋಡಿದಳು. ಅನ್ನ ಒಂದು ಬದಿಗಿತ್ತು, ಪಲ್ಯ ಒಂದು ಬದಿಗಿತ್ತು. ನಡುವೆ ಜಾಗ ಬಿಟ್ಟಿದ್ದರು. ಬಾಳೆಹಣ್ಣು ಇರಲಿಲ್ಲ.

ಅವಳು ಮುಚ್ಚಳವನ್ನು ಮೆಲ್ಲಗೆ ಒತ್ತಿ ಮುಚ್ಚಿದಳು.

"ನಿದ್ದೆ ಬಂತಾ ತಾಯಿ?" ಮಾವ ಕಣ್ಣು ತೆರೆಯದೆಯೇ ಕೇಳಿದರು.

"ಬಂತು ಮಾವ. ಇಡೀ ದಿನ ಬಂತು. ಈಗ ಸ್ವಲ್ಪ ಜರುಗಿ."

"ಎಷ್ಟು?"

"ಒಂದಿಂಚು ಸಾಕು."